ಮೆತ್ತಗೆ ಕೂಗುವ ಹುಂಜ

ಗಟ್ಟಿಯಾಗಿ ಕೂಗದ ಹುಂಜ ಯಾವ ತಳಿಯದು ಎಂದು ಪತ್ತೆ ಹಚ್ಚಲು ನಾವಿಬ್ಬರೂ, ಅಂದರೆ ನಾನು ಮತ್ತು ನಮ್ಮನೆಯವರು, ಹೋದ ವರ್ಷ ಪೂರಾ ಆರು ವಾರ ಕಳೆದೆವು. ನಮ್ಮ ಮಗಳು ಗಂಡನನ್ನು ಆರಿಸಿಕೊಂಡಿದ್ದು ಇದಕ್ಕಿಂತ ಕಡಿಮೆ ಸಮಯದಲ್ಲಿ. ಆದರೆ ಅವಳು ಕ್ಯಾನರಿ ವಾರ್ಫ್‌ನ ಬ್ಯಾಂಕಿನವಳು, ಎಲ್ಲದಕ್ಕೂ ಡೆಡ್‌ಲೈನ್ ಹಾಕಿಕೊಂಡೇ ಹುಟ್ಟಿದವಳು. ನಾವು ಹೀಥ್ರೂ ಏರ್‌ಪೋರ್ಟಿನ ಪಕ್ಕದ ಹೇಸ್‌ನ ರಿಟೈರ್ಡ್ ಜನ. ನಮಗೆ ಬೇಕಾದಷ್ಟು ಟೈಮಿದೆ, ಅದನ್ನು ಹಾಳುಮಾಡುವ ವಿದ್ಯೆಯೂ ಇದೆ.

ಶುರುವಾದದ್ದು ಜಿಪಿಯಿಂದ, ಇಲ್ಲಿಯ ಫ್ಯಾಮಿಲಿ ಡಾಕ್ಟರಿಂದ. ಚಳಿಗಾಲದಲ್ಲಿ ಇವರಿಗೆ ಹರ್ನಿಯಾ ಆಪರೇಶನ್ ಆಗಿ, ಮೊದಲೇ ಸಣಕಲಾಗಿದ್ದವರು ಇನ್ನಷ್ಟು ಇಳಿದುಹೋಗಿದ್ದರು. ಜಿಪಿ ಅಂದರೆ ನಮ್ಮ ಕಣ್ಣಿಗೆ ಸ್ಕೂಲ್ ಯೂನಿಫಾರ್ಮ್ ಬಿಚ್ಚಿಟ್ಟು ಬಂದಂತಿರುವ ಹುಡುಗಿ. ಅವಳು ಕಂಪ್ಯೂಟರನ್ನೇ ನೋಡುತ್ತ, "ಪ್ರೋಟೀನ್ ಸಾಲದು, ದಿನಕ್ಕೊಂದು ಎಗ್ ತಿನ್ನಿ" ಎಂದಳು. ಎಪ್ಪತ್ತೊಂಬತ್ತು ವರ್ಷದ ನಮ್ಮನೆಯವರು ತಿರುಗಿ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಫ್ಲೂ ಇಂಜೆಕ್ಷನ್ನಿನ ಪೋಸ್ಟರನ್ನು ಅತ್ಯಂತ ಆಸಕ್ತಿಯಿಂದ ಓದತೊಡಗಿದೆ.

ಈ ದೇಶಕ್ಕೆ ಬಂದು ನಲವತ್ತಾರು ವರ್ಷವಾದರೂ ನಮ್ಮ ಅಡುಗೆಮನೆಯೊಳಗೆ ಮೊಟ್ಟೆ ಕಾಲಿಟ್ಟಿರಲಿಲ್ಲ. ಕೇಕ್ ಬರುತ್ತಿತ್ತು. ಕೇಕಿನಲ್ಲಿರುವ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ, ಕಾಣದ್ದು ಇಲ್ಲ ಎಂದೇ ಲೆಕ್ಕ. ಧಾರವಾಡದ ನಮ್ಮ ಬ್ರಾಹ್ಮಣ ಓಣಿಯಿಂದ ಹ್ಯಾಂಡ್ ಲಗೇಜಿನಲ್ಲಿ ನಾವು ತಂದ ವೇದಾಂತ ಇಷ್ಟೇ. ಇವರು ಬಸ್ ಗ್ಯಾರೇಜಿನ ಕ್ಯಾಂಟೀನಿನಲ್ಲಿ ಆಮ್ಲೆಟ್ ತಿನ್ನುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಸುಖಸಂಸಾರಕ್ಕೆ ಇನ್ನೇನು ಬೇಕು?

ಬಸ್ಸಿನಲ್ಲಿ ಮನೆಗೆ ಬರುವಾಗ ಮಾತು ತೆಗೆದರು.

"ತತ್ತಿ ತಿನ್ನೂದಽ ಆದ್ರ ಪರಿಚಯದ ಕೋಳೀದು ತಿಂತೀನಿ. ಅಂಗಡ್ಯಾಗಿನ ತತ್ತಿ ಎಲ್ಲಿದೋ, ಎಂಥಾ ಕೋಳೀದೋ, ನಮಗೇನ್ ಗೊತ್ತು?"

"ಅಂದ್ರ ಮನ್ಯಾಗ ಕೋಳಿ ಸಾಕೂದು ಅಂತೀರೇನು?"

"ಹಿತ್ತಲದಾಗ. ಎರಡಽ ಎರಡು ಹೇಂಟಿ."

"ಮಡೀಲೆ ತತ್ತಿ ತಿನ್ನೂ ಮನಷಾ ಈ ಜಗತ್ತಿನಾಗ ನೀವೊಬ್ರಽ ಇರಬೇಕು ನೋಡ್ರಿ."

ಅವರು ನಕ್ಕರು. ಆಪರೇಶನ್ ಆದಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಳ್ಳದೆ ನಕ್ಕದ್ದು. ಅಲ್ಲಿಗೆ ನಾನು ಸೋತೆ. ಒಂದೇ ಕಂಡೀಶನ್ ಹಾಕಿದೆ: ಒಲೆ, ಬಾಣಲೆ, ಚಮಚ, ಎಲ್ಲ ಶೆಡ್ಡಿನಲ್ಲಿ. ಒಪ್ಪಿದರು. ಆಮೇಲೆ ನಾನೇ ಬುದ್ಧಿವಂತಿಕೆ ತೋರಿಸಿ, "ಎರಡು ಹೇಂಟಿ ಅಂದಮ್ಯಾಲೆ ಒಂದು ಹುಂಜಾ ಬೇಕಲ್ಲರೀ" ಎಂದೆ. "ಹೌದಲ್ಲ!" ಎಂದರು.

ಇದನ್ನು ಓದುವವರಲ್ಲಿ ಕೆಲವರು ಈಗಾಗಲೇ ನಗಲು ಶುರುಮಾಡಿರುತ್ತೀರಿ. ನಗಿ. ಹೇಂಟೆ ಮೊಟ್ಟೆಯಿಡಲು ಹುಂಜದ ಹಂಗಿಲ್ಲ, ಹುಂಜ ಬೇಕಾಗುವುದು ಮರಿಗಳಿಗೆ ಮಾತ್ರ ಎಂಬುದು ಇಡೀ ಭೂಮಂಡಲಕ್ಕೆ ಗೊತ್ತಿರುವ ಸಂಗತಿ. ಹೇಸ್‌ನ ಒಂದು ಸಾಲುಮನೆಯನ್ನು ಬಿಟ್ಟು. ನಮ್ಮ ಓಣಿಯಲ್ಲಿ ಕೋಳಿ ಸಾಕುವವರಿರಲಿಲ್ಲ. ಕೋಳಿ ತಪ್ಪಿ ಬಂದರೆ ಅಜ್ಜಿ ಅಂಗಳಕ್ಕೆ ಎರಡು ಸಲ ನೀರು ಹೊಡೆಯುತ್ತಿದ್ದಳು. 'ವೆಜಿಟೇರಿಯನ್ ಎಗ್' ಎಂಬ ಮಾತನ್ನು ಇವರು ಕೇಳಿದ್ದರು, ಆದರೆ ಅದನ್ನು ಫ್ಯಾಕ್ಟರಿಯಲ್ಲಿ ಕೋಳಿಗೆ ಯಾವುದೋ ಇಂಜೆಕ್ಷನ್ ಕೊಟ್ಟು ಇಡಿಸುತ್ತಾರೆ ಎಂದು ನಂಬಿದ್ದರು. ಮೂವತ್ತು ವರ್ಷ ಡಬಲ್ ಡೆಕರ್ ಬಸ್ಸುಗಳ ಕೆಳಗೆ ಮಲಗಿ ಕೆಲಸ ಮಾಡಿದ ಮನುಷ್ಯ. ಎಂಜಿನ್ ಸ್ಟಾರ್ಟ್ ಆಗಬೇಕಾದರೆ ಸ್ಪಾರ್ಕೋ ಏನೋ ಒಂದು ಬೇಕು ಎಂಬುದು ಅವರ ಬಯಾಲಜಿ.

ನನಗಾದರೂ ತಿಳಿದಿರಬೇಕಿತ್ತು, ನಾನು ಕಾನ್ವೆಂಟಿನಲ್ಲಿ ಓದಿದವಳು. ಆದರೆ ನಮ್ಮ ಕಾನ್ವೆಂಟಿನ ಬಯಾಲಜಿ ಪುಸ್ತಕದಲ್ಲಿ ಹನ್ನೊಂದನೆಯ ಪಾಠವಾದ ಮೇಲೆ ಹದಿಮೂರನೆಯದು ಬರುತ್ತಿತ್ತು. ಹನ್ನೆರಡನೆಯ ಪಾಠದ ಹಾಳೆಗಳನ್ನು ಸಿಸ್ಟರ್ ಸ್ವತಃ ಸೂಜಿದಾರ ಹಿಡಿದು ಒಟ್ಟಿಗೆ ಹೊಲಿದುಬಿಟ್ಟಿದ್ದರು. ನೀಲಿ ದಾರ, ಒಂದೇ ಅಳತೆಯ ಟಾಕೆ, ನೀಡಲ್‌ವರ್ಕ್ ಕ್ಲಾಸಿನಲ್ಲಿ ಮಾದರಿಯಾಗಿ ತೋರಿಸುವಷ್ಟು ನೀಟು. ಒಬ್ಬ ಧೈರ್ಯವಂತೆ ಕೈಯೆತ್ತಿ ಕೇಳಿದಳು. "ಅದೆಲ್ಲ ಮದುವೆಯಾದ ಮೇಲೆ ತಾನಾಗಿಯೇ ತಿಳಿಯುತ್ತದೆ, ಗರ್ಲ್ಸ್" ಎಂದರು, ಮದುವೆಯೇ ಆಗದ ಸಿಸ್ಟರ್. ಮದುವೆಯಾದ ಮೇಲೆ ನನಗೆ ತಿಳಿದದ್ದು ಗೇರ್‌ಬಾಕ್ಸಿನ ವಿಷಯ. ಕೋಳಿಯ ಪಾಠ ಹೊಲಿದದ್ದು ಹೊಲಿದಂತೆಯೇ ಉಳಿಯಿತು. ಚಾಪೆಲ್ಲಿನ ಹಿಂದೆ ಸಿಸ್ಟರುಗಳು ಸಾಕಿದ್ದ ಹೇಂಟೆಗಳ ನಡುವೆ ಒಂದು ಕೆಂಪು ಹುಂಜ ಇತ್ತು. ಹೇಂಟೆಗಳಿದ್ದಲ್ಲಿ ಹುಂಜ ಇರತಕ್ಕದ್ದು ಎಂದು ನಾನು ಬರಿಗಣ್ಣಿನಿಂದ ಕಲಿತ ವಿಜ್ಞಾನವೇ ನನಗೆ ಸಾಕಾಗಿತ್ತು.

ಹುಂಜ ಬೇಕು ಎಂದು ತೀರ್ಮಾನವಾದ ಕ್ಷಣವೇ ಇಬ್ಬರಿಗೂ ಒಟ್ಟಿಗೆ ನೆನಪಾದದ್ದು ಪಕ್ಕದ ಮನೆಯಾಕೆ.

ಆಕೆ ಐರ್ಲೆಂಡಿನವಳು, ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಅರವತ್ತು ದಾಟಿದರೂ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ನರ್ಸ್. ಬೆಳಿಗ್ಗೆ ಎಂಟೂವರೆಗೆ ಮನೆಗೆ ಬಂದು, ಮಧ್ಯಾಹ್ನ ಮೂರರವರೆಗೆ ನಿದ್ದೆ. ಆಕೆಯ ಬೆಡ್‌ರೂಮಿನ ಕಿಟಕಿ ನಮ್ಮ ಹಿತ್ತಲಿನತ್ತ. ತಲೆಯ ಮೇಲೆ ಗಳಿಗೆಗೊಂದು ವಿಮಾನ ಹೀಥ್ರೂಗೆ ಇಳಿಯುವಾಗ ಕಪ್ಪಿನ ಚಹಾ ನಡುಗುತ್ತದೆ. ಅದಕ್ಕೆ ಆಕೆಗೆ ಎಚ್ಚರವಾಗುವುದಿಲ್ಲ. ಆದರೆ ಆಚೆ ಬದಿಯ ಮನೆಯವರು ಒಂದು ನಾಯಿ ತಂದಾಗ ಆಕೆ ಒಂದು ವರ್ಷ ಕೌನ್ಸಿಲ್ಲಿಗೆ ಪತ್ರ ಬರೆದು ಬರೆದು ಅರ್ಧ ಆದಳು. ನಾಯಿ, ಮನೆಯವರು, ಇಬ್ಬರೂ ಖಾಲಿ ಮಾಡಿ ಹೋದ ದಿನ ಬೇಲಿಯ ಆಚೆಯಿಂದ ಹೇಳಿದ್ದಳು: "ಇನ್ನೊಂದು ಪ್ರಾಣಿ ಈ ಸಾಲಿನಲ್ಲಿ ಬಾಯಿ ತೆರೆದರೆ ಮನೆ ಮಾರಿ ಅಕ್ಕನ ಹತ್ತಿರ ಸಮುದ್ರದ ದಂಡೆಗೆ ಹೋಗಿಬಿಡ್ತೀನಿ, ಲವ್. ಜೋಕ್ ಅಲ್ಲ."

ಜೋಕ್ ಅಲ್ಲ ಎಂಬುದು ನನಗೆ ಗೊತ್ತಿತ್ತು. ಈ ದೇಶದಲ್ಲಿ ನನ್ನನ್ನು ಅಮ್ಮ, ಅಜ್ಜಿ, ಆಂಟಿ, ಪೇಶೆಂಟ್ ಎಂದು ನೋಡದ ಒಂದೇ ಜೀವ ಆಕೆ. ಇಪ್ಪತ್ತು ವರ್ಷದಿಂದ ಗುರುವಾರ ನಾಲ್ಕು ಗಂಟೆಗೆ ಬೇಲಿಯ ಎರಡು ಕಡೆ ಎರಡು ಕುರ್ಚಿ, ಎರಡು ಕಪ್ಪು. ಆಕೆಯನ್ನೂ ನನ್ನನ್ನೂ ಬೆಳೆಸಿದ್ದು ಸಿಸ್ಟರುಗಳೇ. ಐರ್ಲೆಂಡಿನಲ್ಲೂ ಧಾರವಾಡದಲ್ಲೂ ಒಂದೇ ಹಾಡು, ಗೆಣ್ಣಿನ ಮೇಲೆ ಒಂದೇ ಮರದ ಸ್ಕೇಲು. ಧಾರವಾಡದಲ್ಲಿ ನನ್ನ ಜೊತೆ ಓದಿದವರು ಈಗ ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಕಳಿಸುವುದನ್ನು ಬಿಟ್ಟರೆ ಬೇರೆ ಮಾತಾಡುವುದಿಲ್ಲ; ನನ್ನ ಬಾಲ್ಯವನ್ನು ನಾನು ಈಗ ಹಂಚಿಕೊಳ್ಳುವುದು ಅಲ್ಲಿ ಇಲ್ಲದಿದ್ದ ಈ ಒಬ್ಬಳ ಜೊತೆ. ಇವರ ಆಪರೇಶನ್ ಆದಾಗ ಹತ್ತು ದಿನ, ರಾತ್ರಿಯೆಲ್ಲ ದುಡಿದು ಬಂದವಳು, ಕೋಟು ಕೂಡ ತೆಗೆಯದೆ ನಮ್ಮ ಮನೆಗೆ ಬಂದು ಡ್ರೆಸಿಂಗ್ ಬದಲಿಸಿ ಆಮೇಲೆ ಮಲಗಲು ಹೋಗಿದ್ದಳು. ಇಂಥವಳನ್ನು ಒಂದು ಹುಂಜಕ್ಕಾಗಿ ಕಳೆದುಕೊಳ್ಳುವುದುಂಟೇ?

"ಹುಂಜಾ ಬ್ಯಾಡ ಬಿಡ್ರಿ. ಬೇಳಿಯೊಳಗೂ ಪ್ರೋಟೀನ್ ಇರ್ತದ" ಎಂದೆ.

"ಬೇಳಿ ಹೊಟ್ಟಿ ಉಬ್ಬಸ್ತದ ಅಂತ ಡಾಕ್ಟರ್ ಬ್ಯಾಡಂದಾಳ. ನೋಡು, ಎಲ್ಲಾ ಹುಂಜಾ ಒಂದಽ ನಮೂನಿ ಕೂಗೂದಿಲ್ಲ. ಎಂಜಿನ್ನಿನಂಗ. ಮೆತ್ತಗ ಕೂಗೂ ಮಾಡೆಲ್ ಇದ್ದಽ ಇರ್ತದ. ಹುಡುಕೂಣು."

"ಆಕೀಗೆ ಮೊದಲಽ ಒಂದು ಮಾತು ಹೇಳೋಣೇನು?"

"ಹೇಳಿ ಯಾಕ ಆಕೀ ತಲಿ ಕೆಡಸ್ತೀ? ಹುಂಜಾ ಬಂದು ವಾರಾದ್ರೂ ಆಕೀಗೆ ಕೇಳಸ್ಲಿಲ್ಲಂದ್ರ, ಆಮ್ಯಾಲೆ ಹೇಳಿದ್ರಾತು. ಖುಷಿ ಪಡತಾಳ."

ಇದು ನಮ್ಮ ಜನರ ಸಂಕೋಚ. ಎದುರಿನವರಿಗೆ ತೊಂದರೆಯಾಗಬಾರದು ಎಂದು ಅವರಿಗೆ ಹೇಳದೆ, ಅವರಿಗೆ ಬೇಕಾದಷ್ಟು ತೊಂದರೆ ಕೊಡುವುದು.

ಹುಡುಕಾಟ ಶುರುವಾಯಿತು. ಇಂಟರ್ನೆಟ್ ಬಹಳ ಒಳ್ಳೆಯದು. ತಪ್ಪು ಪ್ರಶ್ನೆ ಕೇಳಿದರೂ ಮುಖ ಸಿಂಡರಿಸದೆ ಉತ್ತರ ಕೊಡುತ್ತದೆ. ಕಡಿಮೆ ಕೂಗುವ ಹುಂಜ ಯಾವುದು ಎಂದು ಇವರು ಕೇಳಿದರು. ಹುಂಜ ಯಾಕೆ ಬೇಕು ಮಾರಾಯ ಎಂದು ಅದು ವಾಪಸ್ ಕೇಳಲಿಲ್ಲ. ತಳಿಗಳ ಪಟ್ಟಿಯನ್ನೇ ಸುರಿಯಿತು. ಇವರು ಗ್ಯಾರೇಜಿನ ಕಾಲದ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಒಂದೊಂದು ತಳಿಗೆ ಒಂದೊಂದು ಪುಟ ಕೊಟ್ಟು ಬರೆಯುತ್ತ ಹೋದರು. ಲೆಗ್‌ಹಾರ್ನ್ ಎಂಬುದು ಮೊದಲ ದಿನವೇ ಫೇಲ್. ಅದರ ಹುಂಜ ಬಾಯಿ ಮುಚ್ಚುವುದೇ ಇಲ್ಲವಂತೆ. ಓರ್ಪಿಂಗ್ಟನ್ ಎಂಬುದು ದಿಂಬಿಗೆ ಕಾಲು ಬಂದಂತಿರುವ ಕೋಳಿ, ದನಿ ಗಂಭೀರ. ಸಿಲ್ಕಿ ಎಂಬುದರ ಮೈಮೇಲೆ ಗರಿಯ ಬದಲು ಬೆಕ್ಕಿನ ತುಪ್ಪಳ. ಕೂಗಿದರೂ ಬಾಗಿಲ ಕೀಲು ಕಿರುಗುಟ್ಟಿದಷ್ಟೇ ಎಂದು ಒಬ್ಬರು, ಇಲ್ಲ, ಕಿವಿಗೆ ಸೂಜಿ ಚುಚ್ಚಿದಂತಿರುತ್ತದೆ ಎಂದು ಇನ್ನೊಬ್ಬರು. ಪೆಕಿನ್ ಬಾಂಟಮ್ ಗಿಡ್ಡದು, ಆದರೆ ಗಿಡ್ಡವರಿಗೆ ಗಂಟಲು ಜಾಸ್ತಿ ಎಂಬುದಕ್ಕೆ ನಮ್ಮ ಚಿಕ್ಕತ್ತೆಯೇ ಸಾಕ್ಷಿ ಎಂದು ನಾನು ಅದನ್ನು ತೆಗೆದುಹಾಕಿಸಿದೆ.

ಕೊನೆಗೆ ಇವರ ಮನಸ್ಸು ನಿಂತದ್ದು ಬ್ರಹ್ಮ ಎಂಬ ತಳಿಯ ಮೇಲೆ. ಮೊಣಕಾಲೆತ್ತರದ ಕೋಳಿ, ಕಾಲಿಗೆಲ್ಲ ಗರಿಯ ಪೈಜಾಮ, ಸಾಧು ಸ್ವಭಾವ, ದನಿ ತಗ್ಗು.

"ಹೆಸರೂ ಛಲೋ ಅದ" ಎಂದರು, ಇನ್ನೇನು ಜನಿವಾರ ಹಾಕಿಬಿಡುವವರ ಹಾಗೆ.

"ಗೋತ್ರ ಒಂದು ಕೇಳಿಬಿಡ್ರಿ" ಎಂದೆ.

ಹುಂಜದ ಕೊರಳಿಗೆ ಬಿಗಿಯುವ ಪಟ್ಟಿಯೂ ಸಿಗುತ್ತದಂತೆ, ಎದೆ ತುಂಬ ಗಾಳಿ ಎಳೆದು ಕೂಗಲು ಆಗದಂತೆ. ಬೆಳಿಗ್ಗೆ ಎದ್ದು ಹುಂಜಕ್ಕೆ ಟೈ ಕಟ್ಟಿ ಆಫೀಸಿಗೆ ಕಳಿಸುವ ಕೆಲಸ ನನ್ನಿಂದಾಗದು ಎಂದು ಸ್ಪಷ್ಟವಾಗಿ ಹೇಳಿದೆ. ಇನ್ನೊಂದು ಸುದ್ದಿಯೂ ಗೊತ್ತಾಯಿತು: ಒಂದೇ ಒಂದು ಕೋಳಿ ಸಾಕಿದರೂ ಸರ್ಕಾರದಲ್ಲಿ ರಿಜಿಸ್ಟರ್ ಮಾಡಿಸಬೇಕು. ಫಾರ್ಮ್ ನೋಡಿದೆ. ನಾನು ಈ ದೇಶದೊಳಗೆ ಬಂದಾಗ ನನ್ನ ಬಗ್ಗೆ ಕೂಡ ಇಷ್ಟು ಕಾಳಜಿಯಿಂದ ಯಾರೂ ವಿಚಾರಿಸಿರಲಿಲ್ಲ.

ಈ ನಡುವೆ ಗುರುವಾರಗಳು ಬರುತ್ತಲೇ ಇದ್ದವು. ಬೇಲಿಯ ಈಚೆ ಕೂತು ಆಕೆಯ ಮೊಣಕಾಲು ನೋವಿನ ಕತೆ ಕೇಳುತ್ತ, ನಾನು ಚಹಾ ಕಪ್ಪಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಹೋಮ್‌ವರ್ಕ್ ಮಾಡದೆ ಮೊದಲ ಬೆಂಚಿನಲ್ಲಿ ಕೂತಂತೆ. ಐದನೆಯ ಗುರುವಾರ ಆಕೆ, "ಮುಂದಿನ ವಾರ ನನಗೆ ರಜೆ. ಅಕ್ಕನ ಮನೆಗೆ ಹೋಗಿ ಬರ್ತೀನಿ" ಎಂದಳು. ಒಳಗೆ ಬಂದು ಇವರಿಗೆ ಹೇಳಿದೆ. ಇವರ ಕಣ್ಣು ಹೊಳೆಯಿತು.

"ಟೆಸ್ಟ್ ಮಾಡೂಣು" ಎಂದರು.

ಟೆಸ್ಟ್ ಎಂದರೆ ಹೀಗೆ. ಮಗಳು ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ಬ್ಲೂಟೂತ್ ಸ್ಪೀಕರನ್ನು ಹಿತ್ತಲಿನ ತುದಿಯಲ್ಲಿಟ್ಟು, ಅದರ ಮೇಲೆ ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಟಬ್ಬನ್ನು ಬೋರಲು ಹಾಕಿ, ಅದೇ ಕೋಳಿಗೂಡು ಎಂದು ತಿಳಿಯತಕ್ಕದ್ದು. ಇವರು ಟಬ್ಬಿನ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಒಂದೊಂದು ತಳಿಯ ಹುಂಜ ಕೂಗುವ ವಿಡಿಯೋ ಹಾಕುವುದು. ನಾನು ಬೇಲಿಗೆ ಒತ್ತಿ, ಆಕೆಯ ಕಿಟಕಿಯ ನೇರ ಕೆಳಗೆ ನಿಂತು, ಸದ್ದು ಅಳೆಯುವ ಆ್ಯಪ್ ನೋಡುವುದು. ಕರವಸ್ತ್ರ ಬೀಸಿದರೆ ಶುರು. ಬೆಳಿಗ್ಗೆ ಹತ್ತು ಗಂಟೆಗೆ, ಸೋಮವಾರದಿಂದ ಶುಕ್ರವಾರ. ನಾವಿಬ್ಬರೂ ಮಾಡಿದ ಹುಚ್ಚಾಟಗಳಲ್ಲಿ ಇಷ್ಟು ಡಿಸಿಪ್ಲಿನ್ ಯಾವುದರಲ್ಲಿಯೂ ಇರಲಿಲ್ಲ.

"ಕೇಳಿಸ್ತೇನು?"

"ಹೂಂ! ಇಡೀ ಹೇಸ್‌ಗೆ ಕೇಳಿಸ್ತು!"

"ಎಷ್ಟು ಬಂತು? ಬರ್ಕೋ!"

"ವಿಮಾನ ಬಂತರೀ, ವಿಮಾನದ್ದಽ ತೋರಸ್ಲಿಕತ್ತದ!"

"ಅದು ಹೋಗ್ಲಿ ತಡಿ. ಮತ್ತ ಹಾಕ್ತೀನಿ."

ಮಂಗಳವಾರವೋ ಬುಧವಾರವೋ, ಓರ್ಪಿಂಗ್ಟನ್ ಮುಗಿದು ಇನ್ನೊಂದು ಶುರುವಾಯಿತು. ಯಾವ ತಳಿಯೆಂದು ಇವರು ಹೇಳಿದ್ದು ನನಗೆ ಕೇಳಿಸಲಿಲ್ಲ. ಮೂರು ಸಣ್ಣ ಕೂಗು, ನಾಲ್ಕನೆಯದು ಉದ್ದವಾಗಿ ಎಳೆದು, ಕೊನೆಗೆ ಸ್ವಲ್ಪ ಒಡೆದದ್ದು. ನಮ್ಮ ಚಾಪೆಲ್ಲಿನ ಹಿಂದಿನ ಹುಂಜ ಹೀಗೆಯೇ ಕೂಗುತ್ತಿತ್ತು, ಬೆಳಗಿನ ಅಸೆಂಬ್ಲಿಯಲ್ಲಿ ನಾವೆಲ್ಲ ಕಣ್ಣು ಮುಚ್ಚಿ ಕೈ ಜೋಡಿಸಿ ನಿಂತಾಗ. ಹುಂಜ ಕೂಗಿದ ಕೂಡಲೇ ಇಡೀ ಸಾಲು ನಗು ತಡೆದುಕೊಳ್ಳುತ್ತಿತ್ತು. ನನ್ನ ಪಕ್ಕದವಳ ಭುಜದ ನಡುಕ ನನ್ನ ಭುಜಕ್ಕೆ ಬರುತ್ತಿತ್ತು. ಆ ಭುಜ ಈಗ ಎಲ್ಲಿದೆಯೋ. ಕೆಂಪು ಮಣ್ಣಿನ ಅಂಗಳ, ಒದ್ದೆ ಜಡೆ, ಸೀಗೆಕಾಯಿಯ ವಾಸನೆ. ಹೇಸ್‌ನಲ್ಲಿ ಒಂದು ಪ್ಲಾಸ್ಟಿಕ್ ಟಬ್ಬಿನ ಕೆಳಗಿನಿಂದ ಇದೆಲ್ಲ ಎದ್ದು ಬರಬಹುದೆಂದು ಯಾರಿಗೆ ಗೊತ್ತಿತ್ತು.

"ಏ, ಎಷ್ಟು ಬಂತು ಅಂತ ಹೇಳಬಾರ್ದೇನು? ನಿದ್ದಿ ಹತ್ತಿತೇನು ನಿಂತಲ್ಲೆ?"

"ನೋಡ್ಲಿಲ್ಲರೀ. ಇನ್ನೊಮ್ಮೆ ಹಾಕ್ರಿ" ಎಂದೆ. ಇನ್ನೊಮ್ಮೆ ಹಾಕಿದರು. ಆಗಲೂ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಸದ ಡಬ್ಬಿ ಒಳಗೆ ತರಲೆಂದು ಮುಂಬಾಗಿಲಿಗೆ ಹೋದರೆ, ಪಕ್ಕದ ಮನೆಯ ಮುಂದೆ ಬಿಗಿಯಾದ ನೀಲಿ ಸೂಟಿನ ಒಬ್ಬ ತರುಣ ನಿಂತು ಗೋಡೆಗೆ ಕೆಂಪು ಬೆಳಕು ಬಿಡುವ ಯಂತ್ರ ಹಿಡಿದು ಅಳೆಯುತ್ತಿದ್ದ. ಏನು ಎಂದು ಕೇಳಿದೆ. "ವ್ಯಾಲ್ಯುಯೇಶನ್, ಮೇಡಮ್. ಸೇಲ್‌ಗೆ ಬರ್ತಾ ಇದೆ. ಲವ್ಲಿ ಸ್ಟ್ರೀಟ್, ಅಲ್ಲವಾ? ತುಂಬ ಪೀಸ್‌ಫುಲ್" ಎಂದ.

ಓನರ್ ಊರಲ್ಲಿಲ್ಲವಲ್ಲ ಎಂದೆ. ಮೇಲೆ ಬೆಡ್‌ರೂಮಿನಲ್ಲಿ ಮಲಗಿದ್ದಾರೆ, ವಾರವಿಡೀ ಹುಷಾರಿಲ್ಲವಂತೆ ಎಂದ.

ಕಸದ ಡಬ್ಬಿ ಬೀದಿಯಲ್ಲೇ ಉಳಿಯಿತು. ಆಕೆ ಎಲ್ಲಿಗೂ ಹೋಗಿರಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ, ಜ್ವರ ಬಂದು ಆ ಕಿಟಕಿಯ ಒಳಗೇ ಮಲಗಿದ್ದಳು. ಹೊರಗೆ ನಾನು, ಅದೇ ಕಿಟಕಿಯ ಕೆಳಗೆ ನಿಂತು, ಹುಂಜ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ಬರೆದುಕೊಳ್ಳುತ್ತಿದ್ದೆ.

ಸೂಟಿನ ಹುಡುಗ ಹೋದಮೇಲೆ ಆಕೆಯ ಬಾಗಿಲು ತಟ್ಟಿದೆ. ಇವರಿಗೆ ಹೇಳಲಿಲ್ಲ, ಹೇಳಿದ್ದರೆ ನೋಟ್‌ಬುಕ್ಕು ಹಿಡಿದುಕೊಂಡು ಬರುತ್ತಿದ್ದರು. ಡ್ರೆಸಿಂಗ್ ಗೌನಿನಲ್ಲಿ, ಮೂಗು ಕೆಂಪಗೆ ಮಾಡಿಕೊಂಡು ಆಕೆ ಬಾಗಿಲು ತೆರೆದಳು. ನಾವಾಡಿದ್ದು ಇಂಗ್ಲಿಷಿನಲ್ಲೇ; ನನಗೆ ನೆನಪಿರುವುದು ಮಾತ್ರ ನನ್ನ ಕನ್ನಡದಲ್ಲಿ.

"ಹುಂಜದ ವಿಷಯ ಹೇಳೋದಕ್ಕೆ ಬಂದೆ" ಎಂದೆ.

"ಯಾವುದರ ವಿಷಯ? ಏಳಿವೆಯಲ್ಲ."

"ಒಂದೂ ಇಲ್ಲ."

"ಏಳಿವೆ. ಜ್ವರದಲ್ಲೂ ಎಣಿಸಿದ್ದೀನಿ. ಅದರಲ್ಲಿ ಒಂದು ಹುಂಜ ಅರ್ಧ ಕೂಗಿ ನಿಲ್ಲಿಸ್ತು, ಆಮೇಲೆ ಯಾರೋ ಹೆಂಗಸು ಗೋಡೆಗೆ ಹಚ್ಚೋ ಪೇಂಟಿನ ಜಾಹೀರಾತು ಹೇಳಿದಳು. ಆಗ ಎರಡು ಮಾತ್ರೆ ಜಾಸ್ತಿ ತಗೊಂಡೆ."

ಒಳಗೆ ಕರೆದಳು. ಎಲ್ಲ ಹೇಳಿದೆ, ಜಿಪಿ, ಪರಿಚಯದ ಕೋಳಿ, ನೋಟ್‌ಬುಕ್ಕು, ಟಬ್ಬು. ಆಕೆ ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಕೇಳಿದಳು. ಕೊನೆಗೆ, "ಒಂದು ಅರ್ಥ ಆಗಲಿಲ್ಲ. ಹುಂಜ ಯಾಕೆ?" ಎಂದಳು.

"ಮೊಟ್ಟೆಗೆ."

"ಮರಿ ಮಾಡಿಸ್ತೀರಾ?"

"ಇಲ್ಲಪ್ಪ, ಮೊಟ್ಟೆಗೆ. ಹುಂಜ ಇಲ್ಲದೆ ಹೇಂಟೆ ಮೊಟ್ಟೆ ಹೇಗಿಡುತ್ತೆ?"

ಆಕೆ ಹೊಲಮನೆಯಲ್ಲಿ ಹುಟ್ಟಿ ಬೆಳೆದವಳು. ಐದು ವರ್ಷದವಳಿದ್ದಾಗಿನಿಂದ ಕೋಳಿಗೂಡಿಗೆ ಕೈ ಹಾಕಿ ಮೊಟ್ಟೆ ತೆಗೆದವಳು. ಕೈಯಲ್ಲಿದ್ದ ಟಿಶ್ಯೂ ಕೆಳಗಿಟ್ಟಳು. ಆಮೇಲೆ ಹೇಳಿದಳು. ಎರಡು ವಾಕ್ಯ, ಅಷ್ಟೇ. ಸಿಸ್ಟರ್ ಹೊಲಿದ ಹನ್ನೆರಡನೆಯ ಪಾಠವನ್ನು ಎಪ್ಪತ್ತೈದನೆಯ ವಯಸ್ಸಿನಲ್ಲಿ, ಜ್ವರದ ನರ್ಸೊಬ್ಬಳ ಸೋಫಾದ ಮೇಲೆ, ನಾನು ಕಲಿತೆ. ಆಕೆ ನಗಲು ಶುರುಮಾಡಿದಳು, ಕೆಮ್ಮು ಬಂತು, ಕೆಮ್ಮುತ್ತ ನಕ್ಕಳು, ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕಳು. ನಾನೂ ನಕ್ಕೆ. ಮುಗಿಯಿತು, ಎಲ್ಲ ಸರಿಹೋಯಿತು ಎಂದುಕೊಂಡೆ.

ಆಕೆ ಕಣ್ಣು ಒರೆಸಿಕೊಂಡಳು. "ಸೋಮವಾರ ಮನೆ ಮುಂದೆ 'ಫಾರ್ ಸೇಲ್' ಬೋರ್ಡ್ ಹಾಕೋದಕ್ಕೆ ಹೇಳಿದ್ದೀನಿ" ಎಂದಳು.

"ಇನ್ನೂ ಯಾಕೆ? ಹುಂಜ ಬರೋದಿಲ್ಲವಲ್ಲ."

"ಹುಂಜಕ್ಕೆ ನಾನು ಏಜೆಂಟನ್ನ ಕರೆಸಲಿಲ್ಲ, ಲವ್. ಆ ನಾಯಿಯವರು ನನಗೆ ಯಾರೂ ಅಲ್ಲ, ಅವರ ಮೇಲೆ ಕಂಪ್ಲೇಂಟ್ ಬರೆದೆ. ನಿಮ್ಮ ಮೇಲೆ ಏನಂತ ಬರೀಲಿ? ಆರು ಗುರುವಾರ ಎದುರಿಗೆ ಕೂತು ನನ್ನ ಮೊಣಕಾಲಿನ ಕತೆ ಕೇಳಿದಿ. ಒಂದು ಮಾತು ಹೇಳಲಿಲ್ಲ. ನಾಲ್ಕು ದಿನ ಮಲಗಿ ಯೋಚನೆ ಮಾಡಿದೆ, ಇವರಿಗೆ ನಾನು ಬೇಡವಾದೆ, ಬಾಯಿಬಿಟ್ಟು ಹೇಳಲಾರದೆ ಹುಂಜ ತಂದಿದ್ದಾರೆ ಅಂತ."

ಐದು ಗುರುವಾರ, ಆರಲ್ಲ ಎಂದು ತಿದ್ದಲು ಬಾಯಿ ತೆರೆದೆ; ದೇವರ ದಯೆ, ಮುಚ್ಚಿದೆ. ಕ್ಷಮೆ ಕೇಳಲು ನನ್ನ ಹತ್ತಿರ ಕಾನ್ವೆಂಟಿನ ಬೇಕಾದಷ್ಟು ವಾಕ್ಯಗಳಿವೆ, ಮೂರು ಬಗೆಯ ಸಾರಿ, ಒಂದು ಪೂರ್ತಿ ಪ್ಯಾರಾಗ್ರಾಫಿನಷ್ಟು ರಿಗ್ರೆಟ್. ಯಾವುದೂ ಬರಲಿಲ್ಲ. "ತಪ್ಪಾತು" ಎಂದೆ, ಧಾರವಾಡದಲ್ಲಿ ಅಂದಂತೆ, ಅಷ್ಟೇ. ಅದರ ಅರ್ಥವೇನೆಂದು ಆಕೆ ಕೇಳಲಿಲ್ಲ. ಬೋರ್ಡಿನ ಬಗ್ಗೆಯೂ ಏನೂ ಹೇಳಲಿಲ್ಲ. ಎದ್ದು ಮೂಗು ಒರೆಸಿಕೊಂಡು, "ನಿನ್ನ ಎಂಜಿನಿಯರ್ ಎಲ್ಲಿ?" ಎಂದಳು.

ಎಂಜಿನಿಯರ್ ಹಿತ್ತಲಿನಲ್ಲಿ ಟಬ್ಬಿನ ಪಕ್ಕ ಐದನೆಯ ದಿನದ ಟೆಸ್ಟಿಗೆ ನನ್ನನ್ನೇ ಕಾಯುತ್ತಿದ್ದರು. ಬೇಲಿಯ ಮೇಲಿಂದ ಆಕೆ ಆ ಎರಡು ವಾಕ್ಯಗಳನ್ನು ಅವರಿಗೂ ಹೇಳಿದಳು. ಇವರು ನೋಟ್‌ಬುಕ್ಕನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿ, ನನ್ನತ್ತ ತಿರುಗಿ ಕನ್ನಡದಲ್ಲಿ ಕೇಳಿದರು:

"ಅಂದ್ರ ಆರು ವಾರ ನಾವೇನ್ ಮಾಡಿದ್ವಿ?"

"ರಿಸರ್ಚ್."

"ಹುಂಜಾ ಇಲ್ಲದ ತತ್ತಿಯೊಳಗ ಜೀವಾನಽ ಇರೂದಿಲ್ಲಂದ್ರ, ಅದು ಹಾಲಿದ್ದಂಗ ಆತಲ್ಲ. ಮತ್ತ್ಯಾಕ ಶೆಡ್ಡು? ಅಡಗಿಮನ್ಯಾಗಽ..."

"ಶೆಡ್ಡಿನ್ಯಾಗಽ ಇರ್ಲಿ" ಎಂದೆ. ಹೊಸದೊಂದು ಪಾಠ ಕಲಿತ ಮಾತ್ರಕ್ಕೆ ಮನೆಯ ಪದ್ಧತಿ ಬದಲಿಸುವುದು ಬುದ್ಧಿವಂತರ ಲಕ್ಷಣ. ನಮ್ಮಲ್ಲಿ ಆ ರೂಢಿಯಿಲ್ಲ.

ಸೋಮವಾರ ನಾನು ಮುಂದಿನ ಕೋಣೆಯ ಕಿಟಕಿಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಒರೆಸಿದೆ. ಆ ಗಾಜು ಹಾಕಿದಾಗ ಕೂಡ ಅಷ್ಟು ಸ್ವಚ್ಛವಾಗಿರಲಿಲ್ಲ. ಹನ್ನೊಂದಕ್ಕೆ ನೀಲಿ ಸೂಟು ಬಂತು, ಕೈಯಲ್ಲಿ ಬೋರ್ಡ್ ಇತ್ತು. ಬಾಗಿಲಲ್ಲಿ ಐದು ನಿಮಿಷ ಮಾತಾಯಿತು. ಬೋರ್ಡನ್ನು ಬಗಲಲ್ಲಿಟ್ಟುಕೊಂಡು ತಿರುಗಿ ಹೋದ. ಆಕೆ ಬಾಗಿಲು ಮುಚ್ಚುವ ಮೊದಲು ನಮ್ಮ ಕಿಟಕಿಯತ್ತ ನೋಡಿ, ಒಂದು ಮೂಲೆ ತೋರಿಸಿ, ಅಲ್ಲಿ ಇನ್ನೂ ಕಲೆಯಿದೆ ಎಂದು ಸನ್ನೆ ಮಾಡಿದಳು.

ಕೋಳಿಗಳನ್ನು ಆಕೆಯೇ ಆರಿಸಿದಳು. ಬ್ರಹ್ಮ ಬೇಡ, ಓರ್ಪಿಂಗ್ಟನ್ ಬೇಡ, ಶೋ ಪೀಸುಗಳೆಲ್ಲ ಬೇಡ. ದಿನವೂ ಮೊಟ್ಟೆಯಿಡುವ ಸಾಧಾರಣ ಕಂದು ಕೋಳಿ ಎರಡು ಸಾಕು ಎಂದಳು. ಇವರು ನೋಟ್‌ಬುಕ್ಕನ್ನು ಎದೆಗವಚಿಕೊಂಡು ಒಪ್ಪಿದರು. ಮೂವರೂ ಬಸ್ಸು ಬದಲಿಸಿ ಹೋಗಿ, ರಟ್ಟಿನ ಪೆಟ್ಟಿಗೆಯಲ್ಲಿ ತಂದೆವು. ದಾರಿಯುದ್ದಕ್ಕೂ ಪೆಟ್ಟಿಗೆ ಆಕೆಯ ತೊಡೆಯ ಮೇಲಿತ್ತು. ನಮ್ಮ ಕೈಗೆ ಕೊಡಲಿಲ್ಲ.

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಆಕೆ ಡ್ಯೂಟಿ ಮುಗಿಸಿ ಬಂದು ಮಲಗಿ ಒಂದು ಗಂಟೆಯೂ ಆಗಿರಲಿಲ್ಲ, ಹಿತ್ತಲಿನಲ್ಲಿ ಯಾರೋ ಯಾರನ್ನೋ ಕೊಲ್ಲುತ್ತಿರುವಂಥ ಕಿರುಚಾಟ ಕೇಳಿತು. ಓಡಿದೆ. ಹೇಂಟೆ ಗೂಡಿನ ಬಾಗಿಲಲ್ಲಿ ನಿಂತು, ಕೊರಳು ಚಾಚಿ, ಲೋಕಕ್ಕೆಲ್ಲ ಸಾರುತ್ತಿತ್ತು. ಇನ್ನೊಂದು ಅದಕ್ಕೆ ದನಿ ಸೇರಿಸುತ್ತಿತ್ತು. ಮೊಟ್ಟೆಯಿಟ್ಟ ಹೇಂಟೆ ಹೀಗೆ ಡಂಗುರ ಹೊಡೆಯುತ್ತದೆ ಎಂದು ಆ ದಪ್ಪ ನೋಟ್‌ಬುಕ್ಕಿನ ಒಂದು ಪುಟದಲ್ಲಿಯೂ ಇರಲಿಲ್ಲ. ನಾವು ಅಳೆದದ್ದೆಲ್ಲ ಹುಂಜದ ಗಂಟಲು.

"ಶ್! ಶ್! ಏ, ಸುಮ್ಮನಿರ!" ಎಂದು ಕೈ ಮುಗಿದೆ. ಇವರು ಎಲ್ಲಿಂದಲೋ ಟಬ್ಬು ತಂದರು. ಅಷ್ಟರಲ್ಲಿ ಮೇಲಿನ ಕಿಟಕಿ ತೆರೆಯಿತು.

"ಬಿಡು ಅದನ್ನ" ಎಂದಳು ಆಕೆ, ಅರ್ಧ ಕಣ್ಣು ಮುಚ್ಚಿಕೊಂಡೇ. "ಅಷ್ಟು ಕಷ್ಟಪಟ್ಟಿದೆ, ಹೇಳಿಕೊಳ್ಳಲಿ."

"ನಿನಗೆ ನಿದ್ದೆ..."

"ಮೊಟ್ಟೆಯಿಟ್ಟರೆ ಬಾಯಿಬಿಟ್ಟು ಒಂದು ಮಾತು ಹೇಳುತ್ತಲ್ಲ. ನಿಮಗಿಂತ ವಾಸಿ."

ಕೆಳಗಿಳಿದು ಬೇಲಿಯ ಹತ್ತಿರ ಬಂದು ಕೈ ಚಾಚಿದಳು. ಮೊಟ್ಟೆ ಕೊಟ್ಟೆ. ಇನ್ನೂ ಬಿಸಿಯಿತ್ತು. ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದು, ಗೌನಿನ ಜೇಬಿಗೆ ಹಾಕಿಕೊಂಡು, ವಾಪಸ್ ಮಲಗಲು ಹೋದಳು. ನಮ್ಮನೆಯವರು ಶೆಡ್ಡಿನಲ್ಲಿ ಆಗಲೇ ಒಲೆ ಹಚ್ಚಿ, ಬಾಣಲೆಯಿಟ್ಟು, ಚಮಚ ಹಿಡಿದು ನಿಂತಿದ್ದರು.

"ತತ್ತಿ ಎಲ್ಲೆ?" ಎಂದರು.

"ನಾಳೆ" ಎಂದೆ. ಅವತ್ತು ಹೆಸರುಬೇಳೆ ಮಾಡಿದೆ.